ಸೈಕಲ್ ಎತ್ತಿ ನಿಲ್ಲಿಸಲು

ಪ್ರಶ್ನೆ: ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳುತ್ತೇನೆ. ಕಡಿಮೆ ಬೆಲೆಯ ಯಾವ ಸ್ಟ್ಯಾಂಡ್ ಕೊಳ್ಳಲಿ?
– ಓದುಗ, ಹಾಸನ

ಉತ್ತರ: ಚೈನಿಗೆ ಎಣ್ಣೆ, ಗೇರ್ ಹೊಂದಾಣಿಕೆ ಇಷ್ಟೇ ಆದರೆ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಚಿಕ್ಕ ಸ್ಟ್ಯಾಂಡ್ ಸಾಕು. ಚಕ್ರ ನೆಲದಿಂದ ಎರಡು ಬೆರಳು ಮೇಲಿದ್ದರೂ ಪೆಡಲ್ ತಿರುಗಿಸಿ ನೋಡಬಹುದು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನಾನು ಅದನ್ನೂ ಕೊಳ್ಳದೆ, ಹಿತ್ತಿಲ ಜಗುಲಿಯ ತೊಲೆಗೆ ಎರಡು ಹಗ್ಗ ಕಟ್ಟಿ, ಒಂದನ್ನು ಸೀಟಿನ ಮೂತಿಗೆ, ಇನ್ನೊಂದನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಬಹಳ ಕಾಲ ಸಾಗಿಸಿದೆ. ಮಳೆಗಾಲದಲ್ಲಿ ಆ ಹಗ್ಗದ ಮೇಲೆ ಮನೆಯವರ ಸೀರೆಗಳು ಬಂದು ಕೂತವು. ಆಗ ಕ್ಲಾಂಪ್ ಇರುವ ಸ್ಟ್ಯಾಂಡ್ ತರಬೇಕಾಯಿತು. ನೀವೂ ಅದನ್ನೇ ತರುವುದಾದರೆ ಕಾಲುಗಳು ಅಗಲವಾಗಿರಲಿ. ಕ್ಲಾಂಪನ್ನು ಸೀಟನ್ನು ಹೊತ್ತಿರುವ ಕೊಳವೆಗೇ (ಸೀಟ್‌ಪೋಸ್ಟ್) ಬಿಗಿಯಿರಿ. ತೆಳು ಅಲ್ಯೂಮಿನಿಯಂ ಅಡ್ಡಕೊಳವೆಯಾದರೆ ನೆಗ್ಗೀತು. ಸುಮಾರು 20 ಕೆ.ಜಿ. ತೂಗುವ ಹಳೆಯ ಕಬ್ಬಿಣದ ಸೈಕಲ್ಲಾದರೆ, ಸ್ಟ್ಯಾಂಡಿನ ಭಾರದ ಮಿತಿ ಓದಿಯೇ ಹಣ ಕೊಡಿ.