ಮುಧೋಳದ ಮಿಲ್ಲು ಬಿಟ್ಟು ಮೆಲ್ಬರ್ನ್‌ಗೆ ಬರುವ ತಮ್ಮನಿಗೆ

ತಮ್ಮಾ,

ನಿನ್ನ ಮೆಸೇಜು ಓದಿದೆ. ಮುಧೋಳದ ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್ ಆಗಿರುವ ನಿನಗೆ ಇಲ್ಲಿ ವಿಕ್ಟೋರಿಯಾ ರಾಜ್ಯದ, ನಮ್ಮ ನಗರಸಭೆಯಂಥ ಒಂದು ಕೌನ್ಸಿಲ್‌ನಿಂದ ಅಸೆಟ್ ಎಂಜಿನಿಯರ್ ಕೆಲಸದ ಆಫರ್ ಬಂದಿದೆ. "ಅಣ್ಣಾ, ಕಬ್ಬಿನ ಮಿಲ್ಲಿನ ಅನುಭವ ಅಲ್ಲಿ ಯಾರು ಕೇಳ್ತಾರ? ಆ ಐಎಸ್‌ಒ 55001 ಅಂದ್ರ ಏನು? ಜೀವನ ಹೆಂಗೈತಿ?" ಅಂತ ಕೇಳಿದ್ದೀಯ. ನಾನೂ ಜಮಖಂಡಿ ಕಡೆಯವನೇ. ಕೆಲಸದ ಮಾತು ಮೊದಲು, ಚಳಿಯ ಮಾತು ಆಮೇಲೆ.

ಸೀಸನ್ ಮುಗಿದ ಮೇಲೆ ಮಿಲ್ ರೋಲರ್ ಬಿಚ್ಚುತ್ತೀರಿ, ಬೇರಿಂಗ್ ನೋಡುತ್ತೀರಿ, ಬಾಯ್ಲರ್ ಟ್ಯೂಬಿನ ದಪ್ಪ ಅಳೆಯುತ್ತೀರಿ. ಯಾವುದು ಇನ್ನೊಂದು ಸೀಸನ್ ತಾಳುತ್ತದೆ, ಯಾವುದನ್ನು ಈಗಲೇ ಬದಲಿಸಬೇಕು ಅಂತ ತೀರ್ಮಾನ ಮಾಡುತ್ತೀರಿ. ಇಲ್ಲಿಯೂ ಅದೇ ಕೆಲಸ. ರೋಲರ್ ಬದಲು ಕೌನ್ಸಿಲ್ಲಿನ ಅಸೆಟ್‌ಗಳು, ಅಂದರೆ ರಸ್ತೆ, ಚರಂಡಿ, ಸೇತುವೆ, ಈಜುಕೊಳ. ಒಂದು ಸೀಸನ್ ಬದಲು ಇಪ್ಪತ್ತು, ಮೂವತ್ತು ವರ್ಷದ ಲೆಕ್ಕ. ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮ ಮಿಲ್ಲುಗಳಲ್ಲಿ ಅರ್ಧ ಜ್ಞಾನ ಹಿರಿಯ ಫಿಟ್ಟರ್‌ನ ಕಿವಿಯಲ್ಲೇ ಇರುತ್ತದೆ. ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅನ್ನುತ್ತಾನೆ, ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತದೆ! ಅವನು ರಿಟೈರ್ ಆದ ದಿನ ಆ ಜ್ಞಾನವೂ ಗೇಟು ದಾಟಿ ಮನೆಗೆ ಹೋಗುತ್ತದೆ. ಇಲ್ಲಿ ಅದು ಬರವಣಿಗೆಯಲ್ಲಿ ಇರಬೇಕು. ಯಾಕೆ ಇದೇ ಸೇತುವೆ, ಯಾಕೆ ಈ ವರ್ಷವೇ, ಮುಂದೂಡಿದರೆ ಏನಾಗುತ್ತದೆ ಅಂತ ದುಡ್ಡು ಕೊಡುವವರಿಗೆ ತೋರಿಸಬೇಕು. ವಿಕ್ಟೋರಿಯಾದ 2020ರ ಸ್ಥಳೀಯ ಆಡಳಿತ ಕಾಯ್ದೆ ಪ್ರಕಾರ ಪ್ರತಿ ಕೌನ್ಸಿಲ್ ಕನಿಷ್ಠ 10 ವರ್ಷದ ಅಸೆಟ್ ಪ್ಲಾನ್ ಮಾಡಲೇಬೇಕು, ಅದೂ ಊರಿನ ಜನರ ಅಭಿಪ್ರಾಯ ಕೇಳಿ. ನಿನ್ನ ಹೊಟ್ಟೆಪಾಡು ನಡೆಯುವುದು ಆ ಪ್ಲಾನಿನ ಮೇಲೆಯೇ.

ಇನ್ನು ಆ 55001. ಇಂಥ ಅಸೆಟ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಹೇಗಿರಬೇಕು ಅನ್ನುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಅದು. ಬ್ರಿಟನ್ನಿನಲ್ಲಿ 2000ರ ಅಕ್ಟೋಬರ್‌ನಲ್ಲಿ ಹ್ಯಾಟ್‌ಫೀಲ್ಡ್ ಹತ್ತಿರ ರೈಲು ಹಳಿ ಚೂರುಚೂರಾಗಿ ನಾಲ್ಕು ಜನ ಸತ್ತರು. ಅಂಥದೇ ಬಿರುಕು ಇನ್ನೆಲ್ಲಿದೆ ಅಂತ ಥಟ್ಟನೆ ಹೇಳಲು ಹಳಿ ನೋಡಿಕೊಳ್ಳುವವರಿಗೆ ಆಗಲಿಲ್ಲ. ಸಾವಿರಕ್ಕೂ ಹೆಚ್ಚು ಕಡೆ ರೈಲುಗಳ ವೇಗ ಇಳಿಸಬೇಕಾಯಿತು. ತನ್ನ ಬಳಿ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಿಲ್ಲದವನ ಪಾಡು ಅದು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಸೆಟ್ ಮ್ಯಾನೇಜ್‌ಮೆಂಟ್ ಮುಂದೆ ನಿಂತು 2004ರಲ್ಲಿ ಪಿಎಎಸ್ 55 ಅನ್ನುವ ಬ್ರಿಟಿಷ್ ಸ್ಟ್ಯಾಂಡರ್ಡ್ ತಂದಿತು, 2008ರಲ್ಲಿ ತಿದ್ದಿತು. ಬೇರೆ ದೇಶಗಳೂ ಕೈಜೋಡಿಸಿ 2014ರ ಜನವರಿಯಲ್ಲಿ ಐಎಸ್‌ಒ 55000, 55001, 55002 ಬಂದವು. 2024ರಲ್ಲಿ 55001ರ ಹೊಸ ಆವೃತ್ತಿ ಬಂದಿದೆ, ನೀನು ಅದನ್ನೇ ಓದು. ಅದರಲ್ಲಿ ಚೆಕ್‌ಲಿಸ್ಟ್ ಹುಡುಕಬೇಡ. ಏನೇನು ಇರಬೇಕು ಅಂತ ಹೇಳುತ್ತದೆ, ಹೇಗೆ ಮಾಡಬೇಕು ಅನ್ನುವುದನ್ನು ನಿನಗೇ ಬಿಡುತ್ತದೆ. ಮೊದಮೊದಲು ತಲೆ ಕೆಡುತ್ತದೆ. ನನಗೆ ಕೇಳಿದರೆ ಇದೇ ಸರಿ. ನಾರ್ವೆಯ ಸೇತುವೆಗೂ ನಮ್ಮ ಆಲಮಟ್ಟಿಯ 26 ಗೇಟುಗಳಿಗೂ ಒಂದೇ ವಿಧಾನ ಬರೆದರೆ ನಡೆಯುತ್ತದಾ?

ಆ ಸ್ಟ್ಯಾಂಡರ್ಡಿನ ಪುಸ್ತಕ ಕೊಳ್ಳುವ ಮೊದಲು ಇನ್ನೊಂದು ನೋಡು. ಆಸ್ಟ್ರೇಲಿಯಾ, ಬ್ರಿಟನ್, ಬ್ರೆಜಿಲ್, ಕೆನಡಾ, ದಕ್ಷಿಣ ಆಫ್ರಿಕಾದಂಥ ಕಡೆಯ ಸಂಸ್ಥೆಗಳು ಸೇರಿ ಮಾಡಿಕೊಂಡಿರುವ ಜಿಎಫ್‌ಎಂಎಎಂ ಅಂತ ಒಂದು ಒಕ್ಕೂಟ ಇದೆ. ಅಸೆಟ್ ನೋಡಿಕೊಳ್ಳುವ ಈ ವಿದ್ಯೆಯನ್ನು 39 ವಿಷಯಗಳಾಗಿ ಬಿಡಿಸಿಟ್ಟ ಅವರ 2014ರ ಕೈಪಿಡಿ ಪುಕ್ಕಟೆ ಸಿಗುತ್ತದೆ. ಅದನ್ನು ಓದಿ, ನಿನ್ನ ಓವರ್‌ಹಾಲಿಂಗ್ ಕೆಲಸ ಯಾವ ಯಾವ ವಿಷಯಕ್ಕೆ ಸೇರುತ್ತದೆ ಅಂತ ಗುರುತು ಹಾಕು. ಬಂದ ಮೇಲೆ ಮೊದಲ ತಿಂಗಳು ಅದೇ ನಿನ್ನ ಬಾಯಿಗೆ ಮಾತು ಕೊಡುತ್ತದೆ. ಸರ್ಟಿಫಿಕೇಟಿಗೆ ಸುಮ್ನೆ ಈಗಲೇ ದುಡ್ಡು ಸುರಿಯಬೇಡ. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿ, ಏನೇನು ಆಸ್ತಿ ಇದೆ ಅಂತ ಬರೆದಿಡುವ ಅಸೆಟ್ ರಿಜಿಸ್ಟರನ್ನು ಮಾತ್ರ ಮೂರು ವರ್ಷ ಮುಟ್ಟದ ಆಫೀಸುಗಳು ಇಲ್ಲಿಯೂ ಇವೆ.

ಅಲ್ಲಿಂದ ಬಂದವನು ಇವರ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಎಪ್ಪತ್ತು ವರ್ಷದ ಚೈನು ಯಾವಾಗ ಬದಲಿಸಬೇಕಿತ್ತು ಅನ್ನುವ ಪ್ರಶ್ನೆಗೆ ಸ್ಟ್ಯಾಂಡರ್ಡ್ ಬೇಕು, ಸರಿ. ಆದರೆ ಆ ತಾತ್ಕಾಲಿಕ ಗೇಟು ಇಳಿಸಿದವರ ಕೈಗುಣ ಯಾವ ಕಲಮಿನಲ್ಲಿದೆ? ಐಎಸ್‌ಒ ಕರಡು ಬಂದಾಗ ಸದಸ್ಯ ದೇಶಗಳು ಅಭಿಪ್ರಾಯ ಕೊಡಬಹುದು, ನಮ್ಮ ದೇಶದ ಪರವಾಗಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ. ಅಂಥ ಮೇಜಿಗೆ ಸೀಸನ್ ನಡುವೆ ಬ್ರೇಕ್‌ಡೌನ್ ಎದುರಿಸಿದವರು ಜಾಸ್ತಿ ಬರಬೇಕು, ಬರೀ ಕನ್ಸಲ್ಟೆಂಟುಗಳಲ್ಲ.

ಜೀವನದ ಮಾತು. ಜೂನ್, ಜುಲೈನಲ್ಲಿ ಚಳಿ. ಹೊರಗಿನದಕ್ಕಿಂತ ಹಳೆ ಮನೆಗಳ ಒಳಗಿನ ಚಳಿ ಕೆಟ್ಟದ್ದು, ಹೀಟರ್ ನೋಡಿಕೊಂಡೇ ಮನೆ ಹಿಡಿ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ರೊಟ್ಟಿ ಬಡಿಯಲು ಬರುತ್ತಾ ಅನ್ನುವುದು ನಿನಗೆ ಬಿಟ್ಟಿದ್ದು. ಬಾಡಿಗೆ ಮನೆಗೆ ಹೋದಾಗ ಕಂಡೀಷನ್ ರಿಪೋರ್ಟ್ ಅಂತ ಕೊಡುತ್ತಾರೆ. ಗೋಡೆಯ ಬಿರುಕು, ಕಾರ್ಪೆಟ್ಟಿನ ಕಲೆ ಎಲ್ಲಾ ಫೋಟೋ ಸಮೇತ ಬರೆದು 5 ಕೆಲಸದ ದಿನಗಳ ಒಳಗೆ ವಾಪಸ್ ಕೊಡಬೇಕು. ಇಲ್ಲದಿದ್ದರೆ ಮನೆ ಬಿಡುವಾಗ ಬಾಂಡ್ ದುಡ್ಡಿಗೆ, ಅಂದರೆ ನೀನಿಟ್ಟ ಡಿಪಾಸಿಟ್ಟಿಗೆ, ಕತ್ತರಿ ಬೀಳಬಹುದು. ಬಾಯ್ಲರ್ ನೋಡಿದ ಕಣ್ಣಿಗೆ ಅದು ಕಷ್ಟವಲ್ಲ.

ಸಹಿ ಮಾಡುವ ಮೊದಲು ಆಫರ್ ಲೆಟರ್ ನನಗೊಮ್ಮೆ ಕಳಿಸು. 12 ಪರ್ಸೆಂಟ್ ಸೂಪರ್ (ಕೆಲಸ ಕೊಟ್ಟವರು ನಿನ್ನ ನಿವೃತ್ತಿಗೆ ಕಟ್ಟುವ ದುಡ್ಡು) ಹೇಳಿದ ಸಂಬಳದ ಒಳಗೋ ಹೊರಗೋ ಅನ್ನುವುದನ್ನು ಅದರಲ್ಲಿ ನೋಡಬೇಕು.