ಸ್ಕಾಟ್ಸ್ ಗ್ರೇಸ್ ಎಂಬ ಬ್ರಿಟಿಷ್ ಅಶ್ವದಳದ ಕುದುರೆ ಗೊಂಬೆಗಳು ಸುಣ್ಣ ಬಳಿದಂತೆ ಕಾಣುತ್ತಿವೆ. ಬಣ್ಣ ಹೇಗೆ ಹಚ್ಚಲಿ? ಸವಾರನ ತೋಳಿನ ಭಂಗಿ ಬದಲಿಸಬಹುದಾ?

1815ರ ವಾಟರ್ಲೂ ಯುದ್ಧದಲ್ಲಿ ಈ ದಳ ಏರಿದ್ದು ಬೂದು ಕುದುರೆಗಳನ್ನು. ಬೂದು ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇರುತ್ತದೆ, ವಯಸ್ಸಾದಂತೆ ಕೂದಲು ಬೆಳ್ಳಗಾಗುತ್ತದೆ. ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಮೂತಿ ಮತ್ತು ಕಣ್ಣಿನ ಸುತ್ತ ಕಡು ಬೂದು ಇರಲಿ.

ಮೊದಲು ಇಡೀ ಕುದುರೆಗೆ ನಡು ಬೂದು ಹಚ್ಚಿ. ಒಣಗಿದ ಮೇಲೆ ಬ್ರಷ್‌ಗೆ ತಿಳಿ ಬೂದು ತೆಗೆದುಕೊಂಡು, ಬಟ್ಟೆಗೆ ಚೆನ್ನಾಗಿ ಒರೆಸಿ, ಉಬ್ಬಿದ ಜಾಗಗಳ ಮೇಲಷ್ಟೇ ಸವರಿ. ಎಲ್ಲ ಕುದುರೆಗೂ ಒಂದೇ ಛಾಯೆ ಬೇಡವೇ ಬೇಡ. ಕೆಲವು ಕಡುವಾಗಿರಲಿ, ಒಂದೆರಡು ಬೆಳ್ಳಗಿರಲಿ. ಸಾಲಾಗಿ ನಿಲ್ಲಿಸಿದಾಗ ಜೀವ ಬರುವುದೇ ಇದರಿಂದ.

ತೋಳು ಬದಲಿಸಲು ಭುಜದಲ್ಲಿ ಕತ್ತರಿಸಿ, ಎರಡೂ ಕಡೆ ಸಣ್ಣ ತೂತು ಕೊರೆದು, ಹಿತ್ತಾಳೆ ತಂತಿ ತೂರಿಸಿ ಅಂಟಿಸಿ. ಸಂದಿಗೆ ಎಪಾಕ್ಸಿ ಪುಟ್ಟಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಹಿಟ್ಟಿನಂಥ ವಸ್ತು) ತುಂಬಿ. ಲೋಹದ ಗೊಂಬೆಗೆ ಸುಮ್ನೆ ಅಂಟು ಹಾಕಿದರೆ ಜಾಸ್ತಿ ದಿನ ನಿಲ್ಲುವುದಿಲ್ಲ.