ಪ್ರತಿಕ್ರಿಯೆ: ಕಲಿತ ಇಂಗ್ಲಿಷ್ ಪದ ಬರೆಯುವಾಗ ಯಾಕೆ ಹೊಳೆಯಲ್ಲ?
ದಿನಕ್ಕೆ 30 ಪದ ಬಾಯಿಪಾಠ ಮಾಡಿದರೂ ಬರೆಯುವಾಗ ಒಂದೂ ಹೊಳೆಯಲ್ಲ ಅಂದಿದ್ದೀರಿ. 30 ಜಾಸ್ತಿಯಾಯಿತು, 7–8 ಸಾಕು. ಅದಕ್ಕಿಂತ ದೊಡ್ಡ ತೊಂದರೆ, ಪದವನ್ನು ಒಂಟಿಯಾಗಿ ಕಲಿಯುವುದು. 'ಮಿಟಿಗೇಟ್' ಅಂದರೆ ತಗ್ಗಿಸು ಅಂತಷ್ಟೇ ಬರೆದುಕೊಂಡರೆ ನಾಳೆ 'ಮಿಟಿಗೇಟ್ ದ ವಾಲ್ಯೂಮ್' ಅಂತ ಬರೆದುಬಿಡುತ್ತೀರಿ. ಅದು ಹೊಂದುವುದು ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್ ಇಂಥವುಗಳ ಜೊತೆ. ಹಾಗಾಗಿ ಪ್ರತಿ ಪದಕ್ಕೂ ಒಂದು ಸಣ್ಣ ಕಾರ್ಡು ಮಾಡಿಕೊಳ್ಳಿ: ಮುಂಬದಿಯಲ್ಲಿ ಆ ಪದದ ಜಾಗ ಮಾತ್ರ ಖಾಲಿ ಬಿಟ್ಟ ಪೂರ್ತಿ ವಾಕ್ಯ, ಹಿಂಬದಿಯಲ್ಲಿ ಪದ. ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಲೇಬೇಕು. ಸುಮ್ಮನೆ ಓದಿದರೆ ಗುರುತು ಸಿಗುತ್ತದೆ, ನೆನಪಿಗೆ ಬರಲ್ಲ. 1, 3, 7, 21ನೇ ದಿನ ಮತ್ತೆ ನೋಡಿ. ತಪ್ಪಿದ ಕಾರ್ಡು ವಾಪಸ್ ಮೊದಲ ದಿನಕ್ಕೆ. ಥೆಸಾರಸ್ (ಸಮಾನಾರ್ಥಕ ಪದಗಳ ಕೋಶ) ನೋಡಿ ಪದ ಬದಲಿಸುವುದನ್ನು ದಯವಿಟ್ಟು ಬಿಡಿ: 'ಸ್ಲೆಂಡರ್', 'ಸ್ಕ್ರಾನಿ' ಎರಡೂ ತೆಳ್ಳಗೇ, ಆದರೆ ಮೊದಲನೆಯದು ಹೊಗಳಿಕೆ, ಎರಡನೆಯದು ಹೀಯಾಳಿಕೆ.